ಮೂರು ಗೇಣು, ಬಲಗಡೆ ಹಿಡಿ

ಆ ಸೋಮವಾರವೂ ಅವಳ ಗಂಡ ಹೊಲಿಗೆ ಯಂತ್ರದ ಗವುಸು ತೆಗೆದು, ಹೊಸ್ತಿಲಲ್ಲಿ ನಿಂತು, ಪಟಪಟನೆ ಕೊಡವಿದರು. ಗಾಳಿ ಬೀದಿಯಿಂದ ಒಳಕ್ಕೆ ಬೀಸುತ್ತಿತ್ತು. ಕೊಡವಿದ ಧೂಳೆಲ್ಲ ತಿರುಗಿ ಕೋಣೆಗೇ ಬಂತು. ಕತ್ತರಿಸುವ ಮೇಜಿನ ಮುಂದೆ ನಿಂತಿದ್ದವಳು ಮೂಗು ಮುಚ್ಚಿಕೊಂಡಳು.

"ಎರಡು ಹೆಜ್ಜೆ ಆಚೆ ಹೋಗಿ ಕೊಡವಿದ್ರೆ ಕಾಲು ಸವೆದುಹೋಗುತ್ತಾ?"

"ಆಚೆ ಬಿಸಿಲು."

"ಬೆಳಿಗ್ಗೆ ಏಳು ಗಂಟೆಗೆ ಎಂಥಾ ಬಿಸಿಲು?"

"ಹಾಗಾದ್ರೆ ಚಳಿ ಅನ್ಕೋ."

ಇಪ್ಪತ್ತೆರಡು ವರ್ಷದ ಹಳೆಯ ಜಗಳ ಅದು. ಅವರು ಗವುಸು ಮಡಚಿ ಗೋಡೆಯ ಮೊಳೆಗೆ ಸಿಕ್ಕಿಸಿದರು. ಅವಳು ಯಂತ್ರದ ಮುಂದೆ ಕೂತಳು. ದಿನ ಶುರುವಾಯಿತು.

ಯಂತ್ರಗಳಿಗೆ ಗವುಸು ಹೊಲಿಯುವುದು ಅವರ ಕಸುಬು. ಮುದ್ರಣ ಯಂತ್ರ, ತೂಕದ ಯಂತ್ರ, ಹಲ್ಲಿನ ಡಾಕ್ಟರ ಕುರ್ಚಿ, ಯಾವುದಾದರೂ ಸರಿ, ಧೂಳು ಬೀಳದಂತೆ ಮೇಲೆ ಹೊದಿಸುವ ಅಂಗಿ. ಅಳತೆ ಅವರದು, ಹೊಲಿಗೆ ಅವಳದು. ಅವರು ಹೋಗಿ ಅಳೆದು, ಇಂಚಿನ ಲೆಕ್ಕದಲ್ಲಿ ಚೀಟಿ ಬರೆದು ತಂದು ಕೊಡುತ್ತಿದ್ದರು. ಅವಳು ಚೀಟಿ ನೋಡಿ ಬಟ್ಟೆಗೆ ಕತ್ತರಿ ಹಾಕುತ್ತಿದ್ದಳು. ಸರಿಯಾಗಲಿಲ್ಲ ಎಂದು ಒಂದು ಗವುಸೂ ವಾಪಸ್ ಬಂದದ್ದಿಲ್ಲ. ಅವಳು ಯಾವ ಗಿರಾಕಿಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಬೀದಿಯವರು ಅವಳನ್ನು ಗವುಸಮ್ಮ ಎಂದೇ ಕರೆಯುತ್ತಿದ್ದರು.

ಅಂದು ಅವರು ರಕ್ತ ಪರೀಕ್ಷೆಗೆ ಹೋಗಿದ್ದರು. ಮೆಟ್ಟಿಲು ಹತ್ತಿದರೆ ಉಸಿರು ಸಾಲುವುದಿಲ್ಲ ಎಂದು ಹದಿನೈದು ದಿನದಿಂದ ಹೇಳುತ್ತಿದ್ದರು. ಮಧ್ಯಾಹ್ನ ಬಂದವರೇ ಮೊಣಕೈ ಹತ್ತಿರದ ಹತ್ತಿಯನ್ನು ಕಿತ್ತು ಬಿಸಾಡಿ, ಜೇಬಿನಿಂದ ಪುಸ್ತಕ ತೆಗೆದರು. ಅಂಗೈ ಅಗಲದ ದಪ್ಪ ಪುಸ್ತಕ. ಮೂಲೆಗಳು ಎಣ್ಣೆ ಹಿಡಿದು ಕಪ್ಪಾಗಿದ್ದವು.

"ಆ ಲ್ಯಾಬಿನ ಎರಡನೇ ಮಹಡೀಲಿ ಒಂದು ಯಂತ್ರ ಇದೆ ನೋಡು. ಕಿಟಕಿ ಕೆಳಗೆ. ಮೈಮೇಲೆ ಒಂದೆಳೆ ನೂಲಿಲ್ಲ ಪಾಪ, ಬೆತ್ತಲೆ ನಿಂತಿದೆ."

"ರಕ್ತ ಕೊಡೋಕೆ ಹೋದೋರು ಯಂತ್ರದ ಅಳತೆ ತಗೊಂಡು ಬಂದ್ರಾ?"

"ಕಾಯ್ತಾ ಕೂತಿದ್ದೆ. ಸುಮ್ನೆ ಕೂರೋದು ಹೇಗೆ? ಯಾರೂ ಇಲ್ಲದಾಗ ಕೈ ಇಟ್ಟು ನೋಡಿದೆ."

"ಕವರ್ ಬೇಕಾ ಅಂತ ಕೇಳಿದ್ರಾ?"

"ಛೇ. ಕರೀದೆ ಇರೋರ ಹತ್ರ ಹೋಗಿ ಬೇಕಾ ಬೇಕಾ ಅಂತ ಕೇಳೋಕೆ ನಾಚಿಕೆ ಆಗಲ್ವಾ?"

"ಕೇಳದೆ ಇದ್ಮೇಲೆ ಬರಕೊಳ್ಳೋದು ಯಾಕೆ?"

ಅವರು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡರು. ಪೆನ್ಸಿಲ್ ನಾಲಿಗೆಗೆ ಮುಟ್ಟಿಸಿಕೊಂಡು ಬರೆದರು. ಎಲ್ಲಿ ಹೋದರೂ ಅವರದು ಅದೇ ಚಟ. ಬಟ್ಟೆಯಿಲ್ಲದ ಯಂತ್ರ ಕಂಡರೆ ಕೈ ತಡೆಯುತ್ತಿರಲಿಲ್ಲ. ಗೇಣಿನಲ್ಲಿ ಅಳೆದು ಬರೆದಿಡುವುದು. ಅಷ್ಟೇ, ಮುಂದೇನೂ ಇಲ್ಲ.

ಮರುದಿನ ಮೊದಲ ಬಸ್ಸಿಗೆಂದು ಬೇಗ ಹೊರಟರು. ಗವುಸು ಯಂತ್ರದ ಮೇಲೇ ಇತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತವರು ಬಸ್ಸು ಬಂದಾಗ ಏಳಲಿಲ್ಲ.

ಅಳುವಷ್ಟು ಅತ್ತಳು. ಅದನ್ನು ಬರೆದು ಉಪಯೋಗವಿಲ್ಲ.

ಯಂತ್ರ ಮಾರುವ ಒಂದು ಅಂಗಡಿಯಿಂದ ಅವರ ಸಂಸಾರ ನಡೆಯುತ್ತಿತ್ತು. ಅಂಗಡಿಯವರು ಒಂದು ಯಂತ್ರ ಮಾರಿದರೆ ಇವರಿಗೆ ಒಂದು ಗವುಸಿನ ಕೆಲಸ. ಅವರು ತೀರಿಕೊಂಡ ಮೇಲೆ ಅಂಗಡಿಯವರೇ ಅಳತೆ ಕಳಿಸುತ್ತಿದ್ದರು, ಏಳನೇ ತಿಂಗಳಿಗೆ ಅದೂ ನಿಂತಿತು. ಈಗ ಕಾರ್ಖಾನೆಯಿಂದಲೇ ಗವುಸು ಹಾಕಿಕೊಂಡು ಬರುತ್ತದಂತೆ. ಉಳಿದ ಗಿರಾಕಿಗಳಿಗೆ ಗಂಡನ ಮುಖ ಗೊತ್ತಿತ್ತು, ಅವಳ ಮುಖ ಗೊತ್ತಿರಲಿಲ್ಲ. ಒಬ್ಬರೂ ಬಾಗಿಲಿಗೆ ಬರಲಿಲ್ಲ.

ಮೈದುನ ಬಂದ. ಕತ್ತರಿಸುವ ಮೇಜಿನ ಮೇಲೆ ಬೆರಳಾಡಿಸಿ ಧೂಳು ನೋಡಿದ.

"ಅತ್ತಿಗೆ, ಖಾಲಿ ಮಿಶನ್ ಮುಂದೆ ಎಷ್ಟು ದಿನ ಅಂತ ಕೂರ್ತೀರಿ? ನಮ್ಮನೆಗೆ ಬಂದುಬಿಡಿ. ಮೇಲಿನ ಕೋಣೆ ಖಾಲಿನೇ ಇದೆ. ಇದನ್ನ ಯಾರಿಗಾದ್ರೂ ಕೊಟ್ಟುಬಿಡೋಣ."

ಒಳ್ಳೆಯವನೇ. ಮನಸ್ಸಿಟ್ಟೇ ಕರೆದ. ಆದರೆ ಅವನ ಮನೆಯಲ್ಲಿ ಅವಳು ಏನು ಮಾಡುವುದು? ಓರಗಿತ್ತಿ ತರಕಾರಿ ಹೆಚ್ಚಲು ಬಿಡುತ್ತಾಳೆ, ಒಗ್ಗರಣೆ ಹಾಕಲು ಬಿಡುವುದಿಲ್ಲ. ಇತ್ತ ಕೋಣೆಯ ಮಾಲೀಕನೂ ಬಂದು ನಿಂತ. ಯಾರೋ ರಟ್ಟಿನ ಪೆಟ್ಟಿಗೆ ಇಡಲು ಜಾಗ ಕೇಳುತ್ತಿದ್ದಾರೆ, ತಿಂಗಳ ಕೊನೆಗೆ ಹೌದೋ ಅಲ್ಲವೋ ಹೇಳಿ ಅಂದ.

ಅವಳು ಮೈದುನನಿಗೆ ಹೇಳಿದಳು: "ಈ ತಿಂಗಳು ನೋಡ್ತೀನಿ. ಒಂದು ಕೆಲಸಾನೂ ಬರ್ಲಿಲ್ಲ ಅಂದ್ರೆ ಬೀಗದ ಕೈ ಕೊಟ್ಟು ಬರ್ತೀನಿ."

ಮಾತು ಕೊಟ್ಟಾಗಿತ್ತು. ಮೂವತ್ತು ದಿನ.

ಪಕ್ಕದ ಕೋಣೆ ಜೆರಾಕ್ಸ್ ಅಕ್ಕನದು. ಹೆಸರಿಗೆ ಜೆರಾಕ್ಸ್ ಅಂಗಡಿ, ಅರ್ಜಿ ತುಂಬುವುದರಿಂದ ಹಿಡಿದು ಮದುವೆ ಮುರಿದವರಿಗೆ ಬುದ್ಧಿ ಹೇಳುವವರೆಗೆ ಎಲ್ಲ ಅಲ್ಲೇ. ಐವತ್ತು ದಾಟಿದವಳು, ಕನ್ನಡಕ ಹಣೆಯ ಮೇಲೆ, ಬಾಯಿ ತುಸು ಜೋರು.

"ಇಮೇಲ್ ಹಾಕೋಣ," ಅಂದಳು. "ಗುರುತಿಲ್ಲದೋರಿಗೆ. ಈಗ ಎಲ್ಲರೂ ಗಿರಾಕಿ ಹುಡುಕೋದು ಹಾಗೇನೇ."

"ಗುರುತಿಲ್ಲದೋರಿಗೆ ಏನಂತ ಬರೆಯೋದು?"

"ಅದಕ್ಕೆಲ್ಲ ಮಾದರಿ ಇರುತ್ತೆ. ನೀನು ಸುಮ್ನೆ ಕೂತ್ಕೋ."

ಎಲ್ಲಿಂದಲೋ ಒಂದು ಮಾದರಿ ತೆಗೆದಳು. 'ಮಾನ್ಯರೇ, ನಮ್ಮ ಸಂಸ್ಥೆಯು ಉತ್ಕೃಷ್ಟ ಗುಣಮಟ್ಟದ ರಕ್ಷಣಾ ಹೊದಿಕೆಗಳನ್ನು ಸ್ಪರ್ಧಾತ್ಮಕ ದರದಲ್ಲಿ' ಎಂದು ಶುರುವಾಯಿತು.

"ಅಕ್ಕ, ನಮ್ಮದು ಸಂಸ್ಥೆನಾ?"

"ಇಮೇಲಲ್ಲಿ ಎಲ್ಲರೂ ಸಂಸ್ಥೆನೇ. ನನ್ನ ಅಂಗಡಿ ಸಮೂಹ ಸಂಸ್ಥೆ."

ಎಂಬತ್ತು ವಿಳಾಸ ಹುಡುಕಿ ಒಂದೇ ಏಟಿಗೆ ಕಳಿಸಿದಳು. ಒಂದು ವಾರ ಕಾದರು. ಎಂಬತ್ತರಲ್ಲಿ ಒಂದು ಉತ್ತರ ಬಂತು: 'ದಯವಿಟ್ಟು ಇನ್ನು ಮುಂದೆ ನಮಗೆ ಬರೆಯಬೇಡಿ.' ಗವುಸಮ್ಮನ ಮುಖ ಕೆಂಪಾಯಿತು. ಗಂಡ ಹೇಳುತ್ತಿದ್ದ ನಾಚಿಕೆ ಇದೇ ಅನ್ನಿಸಿತು. ಹಟ ಹಿಡಿದು ಜೆರಾಕ್ಸ್ ಅಕ್ಕನಿಂದ ಉತ್ತರ ಬರೆಸಿದಳು, 'ತಪ್ಪಾಯಿತು, ಇನ್ನು ನಿಮಗೆ ಬರೆಯುವುದಿಲ್ಲ' ಎಂದು. ಅದಕ್ಕೂ ಮರುಉತ್ತರ ಬಂತು: 'ಈಗಷ್ಟೇ ಮತ್ತೆ ಬರೆದಿರಿ.'

ಜೆರಾಕ್ಸ್ ಅಕ್ಕ ನಕ್ಕು ನಕ್ಕು ಕೌಂಟರಿನ ಮೇಲೆ ಬಿದ್ದಳು. ಗವುಸಮ್ಮನಿಗೂ ನಗು ಬಂತು. ಏಳೆಂಟು ತಿಂಗಳಲ್ಲಿ ಅದೇ ಮೊದಲು.

ಅಂದು ಕೋಣೆಗೆ ಬಂದವಳು ಗಂಡನ ಪುಸ್ತಕ ತೆರೆದಳು. ಅಲ್ಲಿಯತನಕ ತೆರೆಯಲು ಧೈರ್ಯವಾಗಿರಲಿಲ್ಲ. ಒಂದೊಂದು ಪುಟಕ್ಕೆ ಒಂದೊಂದು ಯಂತ್ರ. ಎಲ್ಲಿದೆ, ಎಷ್ಟನೇ ಮಹಡಿ, ಪಕ್ಕದಲ್ಲಿ ಏನಿದೆ, ಎಷ್ಟು ಗೇಣು ಉದ್ದ, ಹಿಡಿ ಯಾವ ಕಡೆ, ಎಲ್ಲ ಇತ್ತು. ಮೊದಲ ಪುಟದಲ್ಲಿ 'ಮನೆ ಯಂತ್ರ, ಎರಡು ಗೇಣು' ಎಂದಿತ್ತು. ಅದು ಅವಳದೇ ಹೊಲಿಗೆ ಯಂತ್ರ. ಅಲ್ಲಿಂದ ಮುಂದೆ ನೂರ ಹದಿಮೂರು ಬೆತ್ತಲೆ ಯಂತ್ರಗಳು. ಒಬ್ಬರನ್ನೂ ಅವರು ಕೇಳಿರಲಿಲ್ಲ. ಕೊನೆಯ ಪುಟ ಆ ಸೋಮವಾರದ್ದು. ಅದರ ಮೇಲೆ ಕೈಯಿಟ್ಟು ಮುಚ್ಚಿಬಿಟ್ಟಳು.

ಮರುದಿನ ಪುಸ್ತಕ ಹಿಡಿದು ಪಕ್ಕದ ಕೋಣೆಗೆ ಹೋದಳು.

"ಅಕ್ಕ, ಎಂಬತ್ತು ಬೇಡ. ದಿನಕ್ಕೆ ಒಂದು. ನಾನು ಹೇಳ್ತೀನಿ, ನೀವು ಒತ್ತಿ."

"ಹೇಳು ತಾಯಿ."

"ನಿಮ್ಮ ಕಚೇರಿಯ ನೆಲಮಹಡಿಯಲ್ಲಿ ನೀರಿನ ಪಾತ್ರೆಯ ಪಕ್ಕ ಒಂದು ತೂಕದ ಯಂತ್ರ ಇದೆ. ಅದಕ್ಕೆ ಗವುಸಿಲ್ಲ. ನೀರು ಸಿಡಿಯುತ್ತದೆ. ನನ್ನ ಗಂಡ ನೋಡಿ ಬರೆದಿಟ್ಟಿದ್ದಾರೆ. ಅವರು ಈಗಿಲ್ಲ. ನಾನು ಗವುಸು ಹೊಲಿಯುತ್ತೇನೆ. ಅಳತೆ ನನ್ನ ಬಳಿ ಇದೆ. ಬೇಕಾದರೆ ಹೇಳಿ. ಬೇಡವಾದರೆ ಬೇಡ ಅನ್ನಿ, ಮತ್ತೆ ಕೇಳುವುದಿಲ್ಲ."

ಜೆರಾಕ್ಸ್ ಅಕ್ಕ ಬೆರಳು ನಿಲ್ಲಿಸಿದಳು. "ಗಂಡ ಇಲ್ಲ ಅಂತ ಯಾಕೆ ಹಾಕೋದು? ಅಯ್ಯೋ ಪಾಪ ಅನ್ಸೋಕೆ ಬರೆದಿದ್ದಾರೆ ಅಂದ್ಕೋತಾರೆ."

ಗವುಸಮ್ಮ ಯೋಚಿಸಿದಳು. "ತೆಗೀರಿ," ಅಂದಳು. "ಕವರ್ ಚೆನ್ನಾಗಿದೆ ಅಂತ ತಗೊಳ್ಳಲಿ."

ದಿನಕ್ಕೊಂದು ಹೋಯಿತು. ಈಗ ಉತ್ತರವಾದರೂ ಬರತೊಡಗಿತು. ಒಬ್ಬರು ಆ ಯಂತ್ರ ಕೆಟ್ಟು ಮೂಲೆ ಸೇರಿದೆ ಎಂದು ಬರೆದರು. ಇನ್ನೊಬ್ಬರು ಕಚೇರಿ ಬೇರೆ ಕಡೆ ಹೋಗಿದೆ ಅಂದರು. ಒಬ್ಬ ಹಲ್ಲಿನ ಡಾಕ್ಟರು, 'ನಮ್ಮ ಕುರ್ಚಿಯನ್ನು ನಿಮ್ಮ ಗಂಡ ಯಾವಾಗ ನೋಡಿದರು' ಎಂದು ಅನುಮಾನದಿಂದ ಕೇಳಿದರು. 'ಹಲ್ಲು ಕೀಳಿಸಿಕೊಳ್ಳುವಾಗ' ಎಂದು ಬರೆಸಿದಳು. ಆಮೇಲೆ ಸದ್ದಿಲ್ಲ. ಬೇಡ ಅಂದವರೂ ಮರ್ಯಾದೆಯಿಂದಲೇ ಅಂದರು. ಆದರೆ ಬೇಕು ಎಂದು ಒಬ್ಬರೂ ಅನ್ನಲಿಲ್ಲ.

ಇಪ್ಪತ್ತೆರಡನೇ ತಾರೀಖು ಬಂತು. ಮೈದುನ ಫೋನ್ ಮಾಡಿ, ಮೇಲಿನ ಕೋಣೆಗೆ ಸುಣ್ಣ ಬಳಿಸಿದ್ದೇನೆ ಅಂದ. ಅವಳು ಹೂಂ ಅಂದಳು. ಫೋನಿಟ್ಟು ಪುಸ್ತಕದ ಕೊನೆಯ ಪುಟ ತೆಗೆದಳು. ಅದೊಂದನ್ನು ಬಿಟ್ಟು ಬಿಟ್ಟು ಹೋಗುತ್ತಿದ್ದಳು. ಇನ್ನು ಬಿಡುವಂತಿರಲಿಲ್ಲ.

'ಲ್ಯಾಬು. ಎರಡನೇ ಮಹಡಿ. ಕಿಟಕಿ ಕೆಳಗೆ. ಮೂರು ಗೇಣು, ಬಲಗಡೆ ಹಿಡಿ. ಬೆತ್ತಲೆ.'

ಗೇಣು ಬಿಟ್ಟು ಉಳಿದದ್ದನ್ನು ಎಂದಿನಂತೆ, ಅಳತೆ ನನ್ನ ಬಳಿ ಇದೆ ಎಂದು ಸೇರಿಸಿ, ಇಮೇಲ್ ಮಾಡಿಸಿದಳು. ಬೆತ್ತಲೆ ಎಂಬುದನ್ನು ಜೆರಾಕ್ಸ್ ಅಕ್ಕ ಹಾಕಲಿಲ್ಲ.

ಮರುದಿನ ಅಕ್ಕ ಕನ್ನಡಕ ಹಣೆಯಿಂದ ಬೀಳುತ್ತಿದ್ದರೂ ಲೆಕ್ಕಿಸದೆ ಬಂದಳು. "ಕತ್ತರಿ ಕೆಳಗಿಡು, ಆಮೇಲೆ ಓದ್ತೀನಿ. ಕೈ ಕುಯ್ಕೊಂಡೀಯ."

'ನಿಮ್ಮ ಮೇಲ್ ಓದಿ ಎದ್ದು ಹೋಗಿ ನೋಡಿದೆ. ಯಂತ್ರ ಕಿಟಕಿಯ ಕೆಳಗೇ ಇದೆ. ಧೂಳೂ ಇದೆ. ಅಳತೆ ನಿಮ್ಮಲ್ಲಿದ್ದರೆ ಒಂದು ಹೊಲಿದು ತನ್ನಿ. ಸರಿಯಾದರೆ ಮುಂದಿನದು ಮಾತಾಡೋಣ.' ಕೆಳಗೆ ಲ್ಯಾಬಿನ ಮುಖ್ಯ ಡಾಕ್ಟರ ಹೆಸರು.

ಗವುಸಮ್ಮ ಇದ್ದುದರಲ್ಲಿ ಒಳ್ಳೆಯ ರೆಕ್ಸಿನ್ ತೆಗೆದಳು. ಮೇಜಿನ ಮೇಲೆ ಹಾಸಿ, ಹೆಬ್ಬೆರಳು ಕಿರುಬೆರಳು ಚಾಚಿ, ಒಂದು, ಎರಡು, ಮೂರು ಎಂದು ಗೇಣು ಹಾಕಿದಳು. ಅಂಚಿಗೆ ಎರಡೆಳೆ ಹೊಲಿಗೆ, ಬಲಗಡೆ ಹಿಡಿಗೆ ಕಿಂಡಿ. ಅಷ್ಟು ಚೆಂದದ ಹೊಲಿಗೆ ಅವಳ ಕೈಯಿಂದ ಬಂದು ಬಹಳ ದಿನವಾಗಿತ್ತು.

ಇಪ್ಪತ್ತೇಳಕ್ಕೆ ಹೋದಳು. ಮೊದಲ ಸಲ ಗಿರಾಕಿಯ ಮೆಟ್ಟಿಲು ಹತ್ತಿದ್ದು. ಡಾಕ್ಟರಮ್ಮ ಕುಳ್ಳಗೆ, ಚುರುಕಾಗಿ, ಬಿಳಿ ಕೋಟಿನ ಜೇಬಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡಿದ್ದರು. ಯಂತ್ರದ ಹತ್ತಿರ ಕರೆದುಕೊಂಡು ಹೋದರು. ಗವುಸಮ್ಮ ಗವುಸು ಬಿಡಿಸಿ ಮೇಲಿಂದ ಇಳಿಸಿದಳು. ಎಡಗಡೆ ಇಳಿಯಿತು. ಬಲಗಡೆಗೆ ತಲುಪಲೇ ಇಲ್ಲ. ಎಳೆದಳು. ಎಡಗಡೆಯದೂ ಮೇಲೆ ಬಂತು.

"ಹೋದ ವರ್ಷದ ಫ್ರಾಕ್ ಹಾಕಿದ ಹಾಗಾಯ್ತಲ್ಲ," ಅಂದರು ಡಾಕ್ಟರಮ್ಮ. "ಅಳತೆ ನಿಮ್ಮ ಹತ್ರ ಇದೆ ಅಂತ ಬರೆದಿದ್ರಿ?"

"ಇದೆ ಮೇಡಂ. ಮೂರು ಗೇಣು. ಬರೆದಿಟ್ಟಿದ್ದಾರೆ."

"ಯಾರ ಗೇಣು?"

ಗವುಸಮ್ಮ ತನ್ನ ಕೈ ನೋಡಿಕೊಂಡಳು. ಸಣ್ಣ ಕೈ. ಸೂಜಿ ಚುಚ್ಚಿ ಚುಚ್ಚಿ ತುದಿ ಒರಟಾದ ಸಣ್ಣ ಬೆರಳು. ಅವರು ಚೀಟಿಯಲ್ಲಿ ಇಂಚು ಬರೆದು ಕೊಡುತ್ತಿದ್ದರು. ಗೇಣು ಅವರ ಪುಸ್ತಕದಲ್ಲೇ ಉಳಿಯುತ್ತಿತ್ತು. ಗೇಣು ಅಂದರೆ ಗೇಣು ಎಂದುಕೊಂಡು ಅವಳು ತನ್ನ ಕೈಯಲ್ಲಿ ಅಳೆದಿದ್ದಳು.

ಸುಣ್ಣ ಬಳಿದ ಕೋಣೆ ಕಣ್ಣ ಮುಂದೆ ಬಂತು. ಕೊರಳಲ್ಲಿದ್ದ ಟೇಪು ತೆಗೆದು ಯಂತ್ರದ ಮೇಲೆ ಹಿಡಿದಳು. ಇಪ್ಪತ್ತೆಂಟೂವರೆ ಇಂಚು. ಅವಳು ಕತ್ತರಿಸಿದ್ದು ಇಪ್ಪತ್ತನಾಲ್ಕು. ಇಪ್ಪತ್ತೆಂಟೂವರೆಯನ್ನು ಮೂರು ಪಾಲು ಮಾಡಿದಳು. ಒಂಬತ್ತೂವರೆ.

ಟೇಪಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಒಂಬತ್ತೂವರೆಯ ಗೆರೆಯ ಮೇಲೆ ಬಲಗೈ ಉಗುರಿಟ್ಟಳು. ಹೆಬ್ಬೆರಳು ಇಲ್ಲಿ. ಕಿರುಬೆರಳು ಅಲ್ಲಿ. ಇಷ್ಟು ದೊಡ್ಡ ಕೈ. ಹಾಗೇ ನಿಂತಳು.

"ಏನಾಯ್ತಮ್ಮ?"

"ಇದು ನಮ್ಮ ಮನೆಯವರ ಗೇಣು ಮೇಡಂ. ನಾನು ನನ್ನ ಗೇಣಲ್ಲಿ ಹೊಲಿದೆ."

"ಹಾಗಾದ್ರೆ ಅವರನ್ನೇ ಕಳಿಸಿ, ಸರಿಯಾಗಿ ಅಳೆದುಕೊಂಡು ಹೋಗಲಿ."

"ಅವರಿಲ್ಲ. ಇಲ್ಲಿಗೆ ರಕ್ತ ಕೊಡೋಕೆ ಬಂದಾಗ ಅಳೆದಿದ್ದು. ಮಾರನೇ ದಿನ ಹೋಗಿಬಿಟ್ರು."

ಡಾಕ್ಟರಮ್ಮ ಒಂದು ಪೆನ್ನು ತೆಗೆದು ಮತ್ತೆ ಅದೇ ಜೇಬಿಗೆ ಸಿಕ್ಕಿಸಿದರು. "ವರದಿ ತಗೊಂಡು ಹೋದ್ರಾ? ಹುಡುಕಿಸ್ಲಾ?"

"ಬೇಡ ಮೇಡಂ. ಈಗ ಓದಿ ಏನು ಮಾಡೋದು." ಗವುಸು ಮಡಚಿ ಕಂಕುಳಿಗೆ ಸೇರಿಸಿದಳು. "ನಾಳೆ ತರ್ತೀನಿ. ಸರಿ ಆಗ್ಲಿಲ್ಲ ಅಂದ್ರೆ ಮತ್ತೆ ಬರಲ್ಲ."

"ತನ್ನಿ ನೋಡೋಣ," ಅಂದರು. ಖಾತ್ರಿಯಿಂದ ಅಂದದ್ದಲ್ಲ.

ಕೋಣೆಗೆ ಬಂದವಳು ನೀರು ಕೂಡ ಕುಡಿಯಲಿಲ್ಲ. ಹೊಲಿಗೆ ಯಂತ್ರದ ಮೇಲೆ ಟೇಪು ಹಿಡಿದಳು. ಮೊದಲ ಪುಟದಲ್ಲಿ 'ಎರಡು ಗೇಣು' ಎಂದಿದ್ದ ಯಂತ್ರ. ಬಟ್ಟೆಯಾದರೆ ಕುಗ್ಗಬಹುದು, ಕಬ್ಬಿಣ ಕುಗ್ಗುವುದಿಲ್ಲ. ಹತ್ತೊಂಬತ್ತು ಇಂಚು ಸರಿಯಾಗಿ ಬಂತು. ಎರಡು ಒಂಬತ್ತೂವರೆ. ಇಪ್ಪತ್ತೆರಡು ವರ್ಷದ ಹಿಂದಿನ ಗೇಣೂ ಆ ಸೋಮವಾರದ ಗೇಣೂ ಒಂದೇ.

ಅವಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಎದೆಯ ಮೇಲಿಟ್ಟಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಪುಸ್ತಕದಲ್ಲಿದ್ದ ಎಲ್ಲ ಗೇಣುಗಳನ್ನೂ ಇನ್ನು ಅವಳು ಓದಬಲ್ಲಳು.

ಹೊಸ ಬಟ್ಟೆ ಕತ್ತರಿಸಿದಳು. ಹೊತ್ತು ಮುಳುಗುವುದರೊಳಗೆ ಹೊಲಿದು ಮುಗಿಸಿದಳು. ಮರುದಿನ ಲ್ಯಾಬಿನಲ್ಲಿ ಗವುಸನ್ನು ಮೇಲಿಂದ ಇಳಿಬಿಟ್ಟಳು. ಅದು ತಾನಾಗಿ ಇಳಿಯಿತು. ಹಿಡಿ ಕಿಂಡಿಯಿಂದ ಹೊರಗೆ ತಲೆ ಹಾಕಿತು. ಎಲ್ಲೂ ಎಳೆಯಬೇಕಾಗಲಿಲ್ಲ, ಎಲ್ಲೂ ಜೋತು ಬೀಳಲಿಲ್ಲ.

ಡಾಕ್ಟರಮ್ಮ ಅದರ ಸುತ್ತ ಒಂದು ಸುತ್ತು ಬಂದರು. ಅಂಚು ಮಗುಚಿ ಹೊಲಿಗೆ ನೋಡಿದರು. "ಒಳಗೆ ಬನ್ನಿ," ಅಂದರು.

ಒಳಗಿನ ಕೋಣೆಯಲ್ಲಿ ಸಾಲಾಗಿ ಹನ್ನೊಂದು ಯಂತ್ರಗಳು. ಒಂದರ ಮೈಮೇಲೂ ಬಟ್ಟೆಯಿಲ್ಲ. ಎರಡರ ಮೇಲೆ ಹಳೇ ಟವೆಲ್ ಹೊದಿಸಿದ್ದರು.

"ಇವುಗಳದ್ದೂ ನಿಮ್ಮ ಪುಸ್ತಕದಲ್ಲಿ ಇದೆಯಾ?"

"ಇಲ್ಲ ಮೇಡಂ. ಇಲ್ಲೀತನಕ ಬಂದಿದ್ರೆ ಮನೆಗೇ ಬರ್ತಿರಲಿಲ್ಲ ಅವರು."

ಡಾಕ್ಟರಮ್ಮ ನಕ್ಕರು. "ಹಾಗಾದ್ರೆ ನೀವೇ ಅಳೀರಿ. ಹನ್ನೊಂದಕ್ಕೂ ಬೇಕು. ನಮ್ಮದು ಇನ್ನೂ ಎರಡು ಲ್ಯಾಬ್ ಇವೆ, ಅಲ್ಲಿಗೂ ಹೇಳ್ತೀನಿ. ಆದ್ರೆ ಟೇಪಲ್ಲಿ ಅಳೀರಿ."

ಅವಳು ಟೇಪಲ್ಲೇ ಅಳೆದಳು. ಪ್ರತಿಯೊಂದನ್ನೂ ಎರಡು ಸಲ ಅಳೆದಳು. ಮೆಟ್ಟಿಲಿಳಿದು ಬೀದಿಗೆ ಬಂದಾಗ, ನಿಂತು, ಹೊಟ್ಟೆಯ ತಳದಿಂದ ಒಂದು ಉಸಿರು ಬಿಟ್ಟಳು. ಹಸಿವೆ ಕಾಣಿಸಿಕೊಂಡಿತು. ಹಸಿವೆ ಎಂಬುದೊಂದು ಇದೆ ಎನ್ನುವುದೇ ಮರೆತಿತ್ತು.

ಮೈದುನನಿಗೆ ಫೋನ್ ಮಾಡಿದಳು.

"ಹಾಗಾದ್ರೆ ಬರಲ್ವಾ ಅತ್ತಿಗೆ? ಸುಣ್ಣ ಬಳಿಸಿದ್ನಲ್ಲ."

"ಊಟಕ್ಕೆ ಬರ್ತೀನಿ. ಇರೋಕಲ್ಲ."

ಹಿಂದಿನಿಂದ ಓರಗಿತ್ತಿಯ ದನಿ ಕೇಳಿಸಿತು: "ಬೇಜಾರೇನಿಲ್ಲ ಅನ್ನಿ. ನಮ್ಮ ಮಿಕ್ಸಿಗೂ ಒಂದು ಕವರ್ ಬೇಕು ಅಂತ ಹೇಳಿ." ಅವಳಿಗೂ ನೆಮ್ಮದಿಯಾದಂತೆ ಕಂಡಿತು. ಒಂದು ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ನಿಲ್ಲುವ ಕಷ್ಟ ಇಬ್ಬರಿಗೂ ಗೊತ್ತು.

ಕೋಣೆಯ ಮಾಲೀಕ ಬಂದಾಗ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ರಟ್ಟಿನ ಪೆಟ್ಟಿಗೆಯವರಿಗೆ ಬೇರೆ ಜಾಗ ನೋಡಿ ಎಂದಳು. ಹೂಂ ಎಂದು ಹೋದ.

ಈಗ ಇಮೇಲನ್ನು ಅವಳೇ ಒತ್ತುತ್ತಾಳೆ, ಒಂದೇ ಬೆರಳಲ್ಲಿ. ಜೆರಾಕ್ಸ್ ಅಕ್ಕ ಪಕ್ಕದಲ್ಲಿ ಕೂತು, "ನೀನು ಒತ್ತಿ ಮುಗಿಸೋದರೊಳಗೆ ಯಂತ್ರಕ್ಕೆ ತುಕ್ಕು ಹಿಡಿಯುತ್ತೆ" ಅನ್ನುತ್ತಾಳೆ. ಆದರೂ ದಿನಕ್ಕೆ ಒಂದೇ. ಈಗ ಗೇಣನ್ನು ಇಂಚು ಮಾಡಿ, ಅದನ್ನೂ ಇಮೇಲಲ್ಲಿ ಹಾಕುತ್ತಾಳೆ. ಕೆಲವರು ಎದ್ದು ಹೋಗಿ ಅಳೆದು ನೋಡುತ್ತಾರಂತೆ. ಸರಿಯಾಗಿದೆಯಲ್ಲ ಎಂದು ಆಶ್ಚರ್ಯಪಟ್ಟು ಬರೆಯುತ್ತಾರೆ. ಹಲ್ಲಿನ ಡಾಕ್ಟರೂ ಕೊನೆಗೆ ಬರೆದರು, ಕುರ್ಚಿಗೆ ನೀಲಿ ಬಣ್ಣದ್ದು ಬೇಕೆಂದು. ಪುಸ್ತಕದಲ್ಲಿ ಇನ್ನೂ ಎಪ್ಪತ್ತೊಂದು ಪುಟ ಬಾಕಿ ಇವೆ. ಅವರು ನಾಚಿಕೊಂಡು ಕೇಳದೆ ಬಿಟ್ಟವರನ್ನೆಲ್ಲ ಅವಳು ಒಬ್ಬೊಬ್ಬರಾಗಿ ಕೇಳುತ್ತಿದ್ದಾಳೆ. ಬೇಡ ಅಂದರೆ ಮುಖ ಕೆಂಪಾಗುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಬೀಗ ತೆಗೆಯುತ್ತಾಳೆ. ಹೊಲಿಗೆ ಯಂತ್ರದ ಗವುಸು ತೆಗೆದು ಹೊಸ್ತಿಲಿಗೆ ಬರುತ್ತಾಳೆ. ಎರಡು ಹೆಜ್ಜೆ ಆಚೆ ಹೋಗಬಹುದು, ಹೋಗುವುದಿಲ್ಲ. ಅಲ್ಲೇ ನಿಂತು ಪಟಪಟನೆ ಕೊಡವುತ್ತಾಳೆ. ಧೂಳೆಲ್ಲ ತಿರುಗಿ ಒಳಗೇ ಬರುತ್ತದೆ. ಒಂದು ಸೀನು ಬರುತ್ತದೆ. ಆಮೇಲೆ ಗವುಸನ್ನು ಮಡಚಿ, ಅದೇ ಮೊಳೆಗೆ ಸಿಕ್ಕಿಸಿ, ಪೊರಕೆ ತೆಗೆದುಕೊಂಡು ಕೋಣೆ ಗುಡಿಸುತ್ತಾಳೆ.